ಹಬ್ಬ ಸಾರಿದ ಊರಿನಿಂದ ಆಸ್ಪತ್ರೆಗೆ

ಶ್ರೀರಂಗಪಟ್ಟಣದ ಬಸ್ ನಿಲ್ದಾಣಕ್ಕೆ ನಮ್ಮನ್ನು ಕಳಿಸಿಕೊಡಲು ಬಂದವರು ಜಬ್ಬಾರ್ ಸಾಬರ ಹೆಂಡತಿ ಮೆಹರುನ್ನಿಸಾ ಒಬ್ಬರೇ. ಟಿಫಿನ್ ಕ್ಯಾರಿಯರನ್ನು ಗಂಡನ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟರು. "ಟೀಚರಮ್ಮಾ, ಹೊರಗಡೆ ಏನೂ ಕುಡೀಬೇಡಿ ಅಂತ ಇವರಿಗೆ ಹೇಳಿ. ನನ್ನ ಮಾತು ಕೇಳಲ್ಲ. ನಿಮ್ಮ ಮಾತಾದ್ರೂ ಕೇಳ್ತಾರೇನೋ" ಎಂದರು. ಸಾಬರು ಕೊಡೆ ಬಿಚ್ಚಿ, ಏನೂ ಕೇಳಿಸದವರಂತೆ ಬಸ್ಸಿನ ಬೋರ್ಡು ಓದುತ್ತ ನಿಂತಿದ್ದರು.

ಅದು ತೊಂಬತ್ತಮೂರರ ಬೇಸಿಗೆ. ದೇಶದೇಶ ಸುತ್ತುತ್ತಿದ್ದ ಕಾಲರಾ ಆ ವರ್ಷ ಹೊಸ ವೇಷ ಹಾಕಿಕೊಂಡು ಮದರಾಸಿನ ಕಡೆಯಿಂದ ಹರಡುತ್ತಿದೆ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ವಾಂತಿಭೇದಿ ಎಂಬ ಹಳೆಯ ಹೆಸರೇ ಸಾಕಾಗಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಸಾಬರು ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು. ಪ್ರತಿ ಹೋಬಳಿಯ ಆಸ್ಪತ್ರೆಯಲ್ಲಿ ಹಗಲೂ ರಾತ್ರಿಯೂ ಯಾರಾದರೂ ಇರಬೇಕು, ಸಲೈನ್ ಇರಬೇಕು, ಬಂದವರು ಯಾರ ಕಡೆಯವರು ಎಂದು ಕೇಳದೆ ಎಲ್ಲರಿಗೂ ಬಿಟ್ಟಿ ಚಿಕಿತ್ಸೆ ಕೊಡಬೇಕು. ಇಷ್ಟನ್ನು ಊರೂರಿಗೆ ಹೇಳುತ್ತ ಹೋಗಿ, ಸೋಮವಾರ ನಾಗಮಂಗಲದಲ್ಲಿ ಉಳಿದ ಗೆಳೆಯರನ್ನು ಕೂಡಿಕೊಂಡು ತಾಲ್ಲೂಕು ಕಚೇರಿಯ ಮುಂದೆ ಕೂರುವುದು ನಮ್ಮ ಯೋಜನೆಯಾಗಿತ್ತು.

ಮೊದಲ ನಿಲುಗಡೆ ಕಿರಂಗೂರು. ಅರಳಿಕಟ್ಟೆಯ ಮೇಲೆ ಕೂತಿದ್ದವರು ನನ್ನ ಭಾಷಣವನ್ನು ಪೂರ್ತಿ ಕೇಳಿದರು. ಕೊನೆಯಲ್ಲಿ ಒಬ್ಬ ಹಿರಿಯರು, "ಡಾಕ್ಟ್ರು ಬೇಕು ಅಂತ ನಮ್ತಾವ ಯಾಕ್ ಕೇಳ್ತೀಯವ್ವಾ? ನಾವೇನ್ ಮನೇಲಿ ಡಾಕ್ಟ್ರ ಮಡೀಕಂಡಿದ್ದೀವಾ?" ಎಂದರು. ಕಟ್ಟೆಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಹೊರಡುವಾಗ ಅವರೇ ಎಳನೀರು ಕೆತ್ತಿ ಕೊಟ್ಟರು. ಪಾಂಡವಪುರದ ಬಸ್ ನಿಲ್ದಾಣದಲ್ಲಿ ನಮ್ಮ ಮಾತು ಕೇಳಲು ನಿಂತವರು ಮೂವರು. ಅವರಲ್ಲಿ ಒಬ್ಬನ ಬಸ್ಸು ಬಂತು, ಇನ್ನೊಬ್ಬನಿಗೆ ನಿದ್ದೆ ಬಂತು. ಆ ರಾತ್ರಿ ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಮುದ್ದೆ, ಹುರುಳಿ ಬಸ್ಸಾರು ಉಂಡು ಮಲಗಿದೆವು. ಮೂರನೆಯವನಾದರೂ ಕೇಳಿದನಲ್ಲ ಎಂದು ಸಾಬರು ಸಮಾಧಾನ ಹೇಳಿದರು.

ಮರುದಿನ ಕೆ.ಆರ್. ಪೇಟೆಯ ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ. ಕಿಟಕಿಯಿಂದ ಬರುತ್ತಿದ್ದ ಗಾಳಿ ಒಲೆಯ ಮುಂದೆ ಕೂತ ಹಾಗಿತ್ತು. ಪೇಟೆಯಲ್ಲಿ ಇಳಿದು ನಾನು ಅಕ್ಕಿಹೆಬ್ಬಾಳಿನ ಬಸ್ಸು ವಿಚಾರಿಸಿ ಬರುವಷ್ಟರಲ್ಲಿ ಸಾಬರು ಗಾಣದ ಮುಂದೆ ನಿಂತು ಐಸು ಹಾಕಿದ ಕಬ್ಬಿನ ಹಾಲು ಕುಡಿಯುತ್ತಿದ್ದರು. ಎರಡು ದಿನದಿಂದ ಊರಿಗೆಲ್ಲ ನೀರು ಕಾಯಿಸಿ ಕುಡಿಯಿರಿ ಎಂದು ಹೇಳಿ ಗಂಟಲು ಕಟ್ಟಿಸಿಕೊಂಡಿದ್ದ ಮನುಷ್ಯ! ನಾನು ಕಣ್ಣು ಕೆಂಪಗೆ ಮಾಡಿದೆ. "ಕಬ್ಬಲ್ಲಿ ಏನಿರ್ತದಮ್ಮಾ, ಅಲ್ಲಾ ಮಾಡಿದ ಸಕ್ಕರೆ" ಎಂದು ಮೀಸೆ ಒರೆಸಿಕೊಂಡರು. ಐಸಿನ ವಿಷಯ ಎತ್ತಲಿಲ್ಲ.

ಅಕ್ಕಿಹೆಬ್ಬಾಳಿಗೆ ಮುಂಚೆಯೇ ಇಳಿದು, ಹೊಳೆಯ ಕಡೆಗೆ ಒಂದಷ್ಟು ದೂರ ನಡೆದು ಒಂದು ಸಣ್ಣ ಊರು ಸೇರಿದೆವು. ಊರಬಾಗಿಲಿಗೆ ಬೇವಿನ ತೋರಣ ಕಟ್ಟಿತ್ತು. ಯಜಮಾನ ಕಾಳೇಗೌಡರು ಎದುರಿಗೇ ಬಂದರು. "ಮಾರಿಹಬ್ಬ ಸಾರವ್ರೆ ಕಣವ್ವ. ಏನ್ ಏಳ್ಬೇಕೋ ಬಿರ್‍ನೆ ಏಳಿ, ದೀಪ ಅಚ್ಚೋದ್ರೊಳಗೆ ಒಂಟ್ಬುಡಿ. ಊರಲ್ಲಿ ಮನಿಕಂಡ್ರೆ ಮಂಗಳವಾರ ಅಬ್ಬ ಮುಗಿಯೋಗಂಟ ಗಡಿ ದಾಟಂಗಿಲ್ಲ" ಎಂದರು.

ಈ ಕಟ್ಟಳೆ ನನಗೆ ಗೊತ್ತಿದ್ದದ್ದೇ. ಹಬ್ಬ ಸಾರಿದ ಮೇಲೆ ಊರವರು ಹೊರಗೆ ರಾತ್ರಿ ಕಳೆಯುವುದಿಲ್ಲ, ಊರೊಳಗೆ ರಾತ್ರಿ ಕಳೆದವರು ಹೊರಗೆ ಹೋಗುವುದಿಲ್ಲ, ಯಾವ ಮನೆಯಲ್ಲೂ ಒಗ್ಗರಣೆ ಸಿಡಿಯುವುದಿಲ್ಲ. ಸಂಜೆಯೊಳಗೆ ಮುಗಿಸಿ ಹೊರಡೋಣ ಎಂದುಕೊಂಡೆ. ಮಾರಿಗುಡಿಯ ಮುಂದೆ ಜನ ಸೇರಿದರು. ಕಾಯಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಬೆರೆಸುವುದನ್ನು ತೋರಿಸುತ್ತಿದ್ದ ಸಾಬರು, "ಕಣ್ಣೀರಿಗಿಂತ ಉಪ್ಪಾಗಬಾರದು" ಎನ್ನುತ್ತ ಚೊಂಬು ಕೆಳಗಿಟ್ಟರು. ಹೊಟ್ಟೆ ಹಿಡಿದುಕೊಂಡು ಬೇಲಿಯ ಕಡೆ ಓಡಿದರು. ಮತ್ತೆ ಬಂದರು, ಮತ್ತೆ ಓಡಿದರು. ಮೂರನೆಯ ಸಲ ಅವರನ್ನು ಇಬ್ಬರು ಹಿಡಿದುಕೊಂಡು ಬರಬೇಕಾಯಿತು.

ದೀಪ ಹಚ್ಚುವ ಹೊತ್ತಾದರೂ ಯಾರೂ ನಮ್ಮನ್ನು ಏಳಿ ಎನ್ನಲಿಲ್ಲ. ಕೆಂಪಮ್ಮ ಎಂಬ ಮುದುಕಿ ತನ್ನ ಜಗಲಿಯಲ್ಲಿ ಸಾಬರಿಗೆ ಹಾಸಿಗೆ ಹಾಸಿದರು. ವಾಂತಿ ಬಳಿದರು, ಬಟ್ಟೆ ಒಗೆದು ಬಿಸಿನೀರಿನಲ್ಲಿ ಕುದಿಸಿದರು. ಸಾಬರೇ ಹೇಳಿಕೊಟ್ಟ ನೀರನ್ನು ಚಮಚದಲ್ಲಿ ಸಾಬರಿಗೇ ಕುಡಿಸಿದರು. ಆ ಮನೆಯಲ್ಲಿ ಒಗ್ಗರಣೆಯಿಲ್ಲದ ಸಾರು ಉಂಡೆ. ಅಷ್ಟು ಸಪ್ಪೆಯಾದ, ಅಷ್ಟು ಋಣ ಹೊರಿಸಿದ ಊಟವನ್ನು ನಾನು ಮತ್ತೆಲ್ಲೂ ಉಂಡಿಲ್ಲ.

ಬೆಳಿಗ್ಗೆ ಸಾಬರ ಕಣ್ಣು ಗುಳಿಬಿದ್ದಿತ್ತು. ಕುಡಿಸಿದ್ದು ನಿಲ್ಲುತ್ತಿರಲಿಲ್ಲ. ಬೆರಳುಗಳು ತಣ್ಣಗಾಗಿದ್ದವು. ಸಲೈನ್ ಏರಿಸದಿದ್ದರೆ ಉಳಿಯುವುದಿಲ್ಲ ಎಂದು ಗೊತ್ತಾಯಿತು. ಮೆಹರುನ್ನಿಸಾರ ಮುಖ ಕಣ್ಣ ಮುಂದೆ ಬಂದು ನನಗೆ ಅಳು ಬಂತು. ಹೋಬಳಿಯ ಆಸ್ಪತ್ರೆ ಎರಡು ಮೈಲಿ ದೂರ. ಗಾಡಿ ಕಟ್ಟಿಸಿ ಎಂದು ಕಾಳೇಗೌಡರ ಮುಂದೆ ಕೈಮುಗಿದೆ. ಅವರ ಮುಖ ಸಣ್ಣಗಾಯಿತು.

"ನಾನ್ ಬ್ಯಾಡ ಅಂತೀನಾ ತಾಯಿ? ಓದ್ ವರ್ಸ ಒಬ್ಬ ಗಡಿ ದಾಟ್ದ. ಆಮೇಕೆ ಮೂರು ಮನೇಲಿ ಇದೇ ಕಾಯ್ಲೆ ಬಂತು. ಊರ್ಗೆ ಏನ್ ಉತ್ರ ಏಳ್ಲಿ?"

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ. ರೋಗದ ಕಾಲದಲ್ಲಿ ಹೋಗುವವರನ್ನೂ ಬರುವವರನ್ನೂ ತಡೆಯುವ ಕಟ್ಟಳೆಯಲ್ಲಿ ಬುದ್ಧಿಯಿದೆ, ಅದನ್ನು ಪಾಠ ಮಾಡುವವಳು ನಾನೇ. ಆದರೆ ಜಗಲಿಯ ಮೇಲೆ ಮಲಗಿದ್ದವರು ಪಾಠವಾಗಿರಲಿಲ್ಲ. ಆಗ ಕೆಂಪಮ್ಮ ಒಳಗಿನಿಂದ ಬಂದು ಸೊಂಟಕ್ಕೆ ಸೆರಗು ಸಿಕ್ಕಿಸಿದರು.

"ಲೇ ಕಾಳ, ಒಬ್ರು ಓದ್ರೆ ತಾನೇ ಊರು ಬುಟ್ಟಂಗೆ? ಊರೇ ಎದ್ದು ಓದ್ರೆ? ತಾಯಿ ಎಲ್ಲಿರ್ತಾಳೋ ಅದೇ ನಮ್ಮೂರು ಕಣ್ಲಾ. ಕಳಸ ಎತ್ತಿಸು."

ಗೌಡರು ಪೂಜಾರಿಯನ್ನು ಕರೆದರು.

ಹೀಗೆ ಹೊರಟಿತು ನಮ್ಮ ಮೆರವಣಿಗೆ. ಮುಂದೆ ತಮಟೆ, ಅದರ ಹಿಂದೆ ಬೇವು ಸುತ್ತಿದ ಮಾರಮ್ಮನ ಕಳಸ, ಅದರ ಹಿಂದೆ ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಜಬ್ಬಾರ್ ಸಾಬರು, ಅವರ ಹಿಂದೆ ಇಡೀ ಊರು. ಮನೆಗಳಿಗೆ ಅಗುಳಿ ಹಾಕಿ, ಹಸುಗೂಸುಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಿದ್ದರು. ದಾರಿಯುದ್ದಕ್ಕೂ ಹೆಂಗಸರು ಅರಿಸಿನದ ನೀರು ಚಿಮುಕಿಸುತ್ತಿದ್ದರು. ಸಾಬರು ಒಮ್ಮೆ ಕಣ್ಣು ಬಿಟ್ಟು, "ಯಾರ ಮದುವೆ ಅಮ್ಮಾ?" ಎಂದು ಕೇಳಿದರು. ಮಾತಾಡಿದರಲ್ಲ ಎಂದು ನನಗೆ ಜೀವ ಬಂತು.

ಆಸ್ಪತ್ರೆಯ ಮುಂದೆ ಡಾಕ್ಟರು ಸ್ಕೂಟರ್ ಹತ್ತಿ ಹೊರಟಿದ್ದರು. ತಮಟೆಯನ್ನೂ ಜನವನ್ನೂ ಕಂಡು, ಹೊಡೆಯಲು ಬಂದರೆಂದು ತಿಳಿದು, ಹತ್ತಿದವರು ಇಳಿದರು. ಚಿಕ್ಕ ವಯಸ್ಸಿನವರು, ಪಾಪ. ರೋಗಿಯ ನಾಡಿ ಹಿಡಿದ ಮೇಲೆ ಮಾತ್ರ ಬೇರೆಯೇ ಮನುಷ್ಯರಾದರು. ಸೂಜಿ ಚುಚ್ಚಲು ನರ ಹುಡುಕುತ್ತ, "ಪೇಷಂಟ್ ಯಾರ ಕಡೆಯವರು?" ಎಂದು ಕೇಳಿದರು.

"ನಮ್ಮೂರೋರು ಸ್ವಾಮಿ" ಎಂದರು ಕಾಳೇಗೌಡರು. ಕಿಟಕಿಯಲ್ಲಿ ಇಣುಕುತ್ತಿದ್ದವರೂ ಅದನ್ನೇ ಹೇಳಿದರು. ಹಬ್ಬ ಸಾರಿದ ಊರಲ್ಲಿ ರಾತ್ರಿ ಕಳೆದವರು ಆ ಊರವರೇ. ಅವರು ಸುಳ್ಳು ಹೇಳಲಿಲ್ಲ.

ಇದ್ದ ಒಂದು ಬಾಟಲಿ ಮುಗಿಯುತ್ತ ಬಂತು. ಉಳಿದದ್ದು ಬೀರುವಿನಲ್ಲಿ, ಬೀಗದ ಕೈ ಪೇಟೆಗೆ ಹೋಗಿದ್ದ ಆಸ್ಪತ್ರೆಯ ಕಾಂಪೌಂಡರ್ ಜೇಬಿನಲ್ಲಿ. ಕೆಂಪಮ್ಮ ಬಾಗಿಲಲ್ಲೇ ಕೂತು, "ಆಗ್ಲಿ ಸ್ವಾಮಿ, ಬೀಗದ ಕೈ ಬರೋಗಂಟ ನಾವೂ ಕುಂತಿರ್ತೀವಿ, ತಾಯಿನೂ ಕುಂತಿರ್ತಾಳೆ" ಎಂದರು. ಡಾಕ್ಟರು ಕಳಸದ ಕಡೆ ನೋಡಿದರು, ಸಾಬರ ಕಡೆ ನೋಡಿದರು. ಹೊರಗೆ ಹೋಗಿ ಕಲ್ಲು ತಂದು ತಾವೇ ಬೀಗ ಒಡೆದರು. ಆ ಕ್ಷಣಕ್ಕಾಗಿ ಅವರಿಗೆ ಇಂದಿಗೂ ಮನಸ್ಸಿನಲ್ಲೇ ನಮಸ್ಕಾರ ಮಾಡುತ್ತೇನೆ.

ಮಧ್ಯಾಹ್ನ ನರ್ಸಮ್ಮ ಹೊರಗೆ ಬಂದು, "ಸಾಬ್ರು ಉಚ್ಚೆ ಉಯ್ದರು, ಇನ್ನು ಹೆದರಿಕೆಯಿಲ್ಲ" ಎಂದರು. ಒಬ್ಬ ಮನುಷ್ಯ ಉಚ್ಚೆ ಉಯ್ದದ್ದಕ್ಕೆ ಒಂದು ಊರು ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನೂ ಅಳುತ್ತಲೇ ತಟ್ಟಿದೆ.

ಆಮೇಲೆ ಕಾಳೇಗೌಡರು ನನ್ನ ಕಡೆ ತಿರುಗಿ, "ನಿನ್ನೆ ಅದೇನೋ ಏಳ್ತಿದ್ರಲ್ಲ ಮೇಷ್ಟ್ರಮ್ಮ, ಅರ್ಧಕ್ಕೇ ನಿಂತೋಯ್ತು. ಈಗ ಏಳಿ, ಡಾಕ್ಟ್ರೂ ಅವ್ರೆ" ಎಂದರು. ಆಸ್ಪತ್ರೆಯ ಅಂಗಳದಲ್ಲಿ, ಬೇವಿನ ಕಳಸದ ಪಕ್ಕ ನಿಂತು ಉಳಿದರ್ಧ ಹೇಳಿದೆ. ಹೊಸದಾಗಿ ಹೇಳಲು ಹೆಚ್ಚೇನೂ ಇರಲಿಲ್ಲ. ಎಲ್ಲರಿಗೂ ಹೀಗೇ ಆಗಬೇಕು, ಊರೇ ಎದ್ದು ಬಂದು ಕೂರದೆಯೂ ಆಗಬೇಕು ಎಂದೆ.

ನಾಗಮಂಗಲದ ಸೋಮವಾರ ನಮಗೆ ತಪ್ಪಿತು. ಕಳಸದ ಜೊತೆ ಊರು ತನ್ನ ಜಾಗಕ್ಕೆ ಮರಳಿತು, ಊರವರಾದ ನಾವೂ ಮರಳಿ ಹಬ್ಬ ಮುಗಿಯುವವರೆಗೆ ಉಳಿದೆವು. ಬುಧವಾರ ನಾಗಮಂಗಲಕ್ಕೆ ಹೋದಾಗ ಸಭೆ ಮುಗಿದಿತ್ತು. ಗೆಳೆಯರು ಬೈಯಬೇಕೆಂದಿದ್ದರು, ಕಥೆ ಕೇಳಿ ಕಾಫಿ ಕುಡಿಸಿದರು. ನಮ್ಮ ಜೊತೆ ಬಂದಿದ್ದ ಕಾಳೇಗೌಡರು ತಾಲ್ಲೂಕು ಕಚೇರಿಯಲ್ಲಿ ತಾವೇ ಮಾತಾಡಿದರು. ಮಳೆಗಾಲದ ಹೊತ್ತಿಗೆ ಆ ಒಂದು ಆಸ್ಪತ್ರೆಯಲ್ಲಿ ರಾತ್ರಿ ನರ್ಸಮ್ಮ ಇರತೊಡಗಿದರು, ಬೀರುವಿಗೆ ಬೀಗ ಹಾಕುವುದು ನಿಂತಿತು. ಉಳಿದ ಹೋಬಳಿಗಳ ಮಾತು ಹಾಗೇ ಉಳಿಯಿತು. ನಾವೂ ತಿರುಗಾಟ ಬಿಡಲಿಲ್ಲ.

ಮುಂದಿನ ಬೇಸಿಗೆಯ ಒಂದು ಬೆಳಿಗ್ಗೆ ನಾನು ಸಾಬರ ಮನೆಯಲ್ಲಿದ್ದಾಗ ಆ ಊರಿನಿಂದ ಒಬ್ಬರು ಬಂದು ಬಾಗಿಲಲ್ಲಿ ನಿಂತರು. "ಅಬ್ಬ ಸಾರವ್ರೆ. ಒರಗಿರೋ ಊರೋರೆಲ್ಲ ದೀಪ ಅಚ್ಚೋದ್ರೊಳಗೆ ಬಂದು ಸೇರ್ಕಬೇಕು. ಸಾಬ್ರನ್ನೂ ಮೇಷ್ಟ್ರಮ್ಮನ್ನೂ ಕರ್ಕಬಾ ಅಂದವ್ಳೆ ಕೆಂಪಮ್ಮ" ಎಂದರು.

ಸಾಬರು ಆಗಲೇ ಕೊಡೆ ಹುಡುಕುತ್ತಿದ್ದರು. ಮೆಹರುನ್ನಿಸಾ ಅಡುಗೆಮನೆಗೆ ಹೋದವರು ಸ್ವಲ್ಪ ಹೊತ್ತಿನ ಮೇಲೆ ಟಿಫಿನ್ ಕ್ಯಾರಿಯರ್ ತಂದು ನನ್ನ ಕೈಗೆ ಕೊಟ್ಟರು.

"ಆ ಅಮ್ಮನಿಗೆ ನಾನು ಕೊಟ್ಟೆ ಅಂತ ಹೇಳಿ. ಒಗ್ಗರಣೆ ಹಾಕಿಲ್ಲ" ಎಂದರು.