ಒಂದೇ ಹಡಗಿಗೆ ತುಂಬಿದ ಪೆಟ್ರೋಲು

ಬಂದರಿನಲ್ಲಿ ಹಡಗಿಗೆ ಸಾಮಾನು ತುಂಬುವ ಹೆಂಗಸರ ತಂಡಕ್ಕೆ ಅವಳು ಮೇಸ್ತ್ರಿ. ಬಾಯಿ ತೆರೆದರೆ ಕ್ರೇನಿನ ಸದ್ದೂ ಅಡಗಿಹೋಗುತ್ತಿತ್ತು, ಹಾಗಾಗಿ ಎಲ್ಲರಿಗೂ ಗುಡುಗಕ್ಕ. ಗಂಡಸರನ್ನೆಲ್ಲ ಯುದ್ಧ ಬಾಚಿಕೊಂಡು ಹೋದಮೇಲೆ ಸಿಕ್ಕ ಕೆಲಸ ಅದು. ಮಗನೂ ಹೋಗಿದ್ದ, ಸಮುದ್ರದಾಚೆಯ ಮರಳುಗಾಡಿನಲ್ಲಿ ಸೈನ್ಯದ ಲಾರಿ ಓಡಿಸುತ್ತಿದ್ದ. ಅವನ ಹೆಂಡತಿ ಇದೇ ತಂಡದಲ್ಲಿದ್ದಳು. ಮನೆಯಲ್ಲೂ ಅತ್ತೆ, ಬಂದರಿನಲ್ಲೂ ಅತ್ತೆ. ಆ ಹುಡುಗಿಯ ಗಟ್ಟಿತನವನ್ನು ಮೆಚ್ಚಲೇಬೇಕು.

ಮರಳುಗಾಡಿಗೆ ಹೋಗುವ ಪ್ರತಿ ಹಡಗಿಗೂ ಹಿಟ್ಟು, ಮದ್ದುಗುಂಡು, ಪೆಟ್ರೋಲು ಮೂರನ್ನೂ ಪಾಲು ಮಾಡಿ ತುಂಬುವುದು ರೂಢಿ. ಒಂದು ಮುಳುಗಿದರೂ ಇನ್ನೊಂದು ತಲುಪಬೇಕಲ್ಲ. ಆದರೆ ಪೆಟ್ರೋಲಿನ ಡ್ರಮ್ಮುಗಳು ದರಿದ್ರದವು, ಸೋರುತ್ತಿದ್ದವು. ಉರುಳಿಸಿದವರ ಅಂಗೈ ಸುಲಿಯುತ್ತಿತ್ತು, ತಿನ್ನುವ ಬ್ರೆಡ್ಡೂ ನಾರುತ್ತಿತ್ತು.

"ಅತ್ತೆ, ದಿನಾ ಯಾಕೆ ನಾರಬೇಕು? ಡ್ರಮ್ಮೆಲ್ಲ ಒಂದೇ ಹಡಗಿಗೆ ಹಾಕ್ಬಿಡೋಣ. ಒಂದಿನ ನಾರಿದ್ರೆ ಮುಗೀತು," ಎಂದಳು ಸೊಸೆ.

"ಸೋಮಾರಿತನ ಅಂದ್ರೆ ನಿನ್ನ ತಲೆ ಕುದುರೆ ಥರ ಓಡುತ್ತೆ," ಎಂದು ಗದರಿದ ಗುಡುಗಕ್ಕ, ತನ್ನ ಸುಲಿದ ಅಂಗೈ ನೋಡಿಕೊಂಡಳು. ಆಮೇಲೆ ಹೂಂ ಎಂದಳು. ಆಚೆ ದಡದಲ್ಲಿ ಇಳಿಸುವುದೂ ಸಲೀಸು ಎಂದುಕೊಂಡು ಬಂದರಿನ ಅಧಿಕಾರಿಯೂ ತಲೆಯಾಡಿಸಿದ.

ಹೊರಟ ಹಡಗುಗಳಲ್ಲಿ ಶತ್ರುವಿನ ಜಲಾಂತರ್ಗಾಮಿ ಮುಳುಗಿಸಿದ್ದು ಅದೊಂದನ್ನೇ.

ಹಿಟ್ಟಿನ ಹಡಗಿನಲ್ಲಿ ಹೋಗಿ ಬಂದ ನಾವಿಕನೊಬ್ಬ ಸುದ್ದಿ ತಂದ. "ಹಿಟ್ಟು ತಲುಪ್ತು ಅಕ್ಕ, ಆದ್ರೆ ಬಂದರಲ್ಲೇ ರಾಶಿ ಬಿದ್ದಿದೆ. ಸಾಗ್ಸೋಕೆ ಲಾರಿಗೆ ಪೆಟ್ರೋಲಿಲ್ಲ. ಟ್ಯಾಂಕುಗಳೂ ನಿಂತಲ್ಲೇ ನಿಂತಿವೆ."

"ಲಾರಿ ಹುಡುಗರು?"

"ಅವರೂ ಬಟ್ಟಬಯಲಲ್ಲೇ. ಮೇಲಿಂದ ವಿಮಾನ ಬಂದ್ರೆ..."

ಅವತ್ತು ಮನೆಯಲ್ಲಿ ಒಲೆ ಹೊತ್ತಲಿಲ್ಲ. "ನಿನ್ನ ಹಾಳು ಬಾಯಿ!" ಎಂದಳು ಅತ್ತೆ. "ಹೂಂ ಅಂದಿದ್ದು ಯಾರ ಬಾಯಿ?" ಎಂದಳು ಸೊಸೆ. ಅಲ್ಲಿಗೆ ಇಬ್ಬರ ಮಾತೂ ನಿಂತಿತು. ಮರುದಿನದಿಂದ ಡ್ರಮ್ಮುಗಳು ಮತ್ತೆ ಎಲ್ಲ ಹಡಗುಗಳಿಗೂ ಹಂಚಿಹೋದವು. ನಾರುತ್ತದೆಂದು ಯಾರೂ ಉಸಿರೆತ್ತಲಿಲ್ಲ.

ಹಿಂದಿರುಗಿ ಬರುವ ಹಡಗುಗಳಿಂದ ಗಾಯಾಳುಗಳು ಇಳಿಯುತ್ತಿದ್ದರು. ಒಂದು ಮಧ್ಯಾಹ್ನ ಅವರ ಸಾಲಿನಲ್ಲಿ, ಪಾದಕ್ಕೆ ಗೋಣಿಪಟ್ಟಿ ಸುತ್ತಿಕೊಂಡ ಒಬ್ಬ ಕುಂಟುತ್ತ ಬಂದು ಗುಡುಗಕ್ಕನ ಎದುರು ನಿಂತ. ಅವಳ ಬಾಯಿಂದ ಸ್ವರವೇ ಹೊರಡಲಿಲ್ಲ.

"ಏನಮ್ಮ, ಗುಡುಗು ಎಲ್ಲಿ ಹೋಯ್ತು?" ಎಂದ ಮಗ.

ಮನೆಗೆ ಬಂದು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹೇಳಿದ: "ಬೆಳಗಾದ್ರೆ ಗುಡ್ಡದ ಮೇಲೆ ದಾಳಿ ಅಂತ ಆರ್ಡರ್ ಆಗಿತ್ತು. ಗುಡ್ಡದ ತುಂಬ ಅವರ ಫಿರಂಗಿ. ಟ್ಯಾಂಕಿನ ಹಿಂದೆ ನಮ್ಮ ಲಾರಿ. ಹೋಗಿದ್ರೆ ಒಬ್ಬನೂ ಉಳೀತಿರ್ಲಿಲ್ಲ. ಪೆಟ್ರೋಲ್ ಹಡಗು ಮುಳುಗಿತಂತೆ, ದಾಳಿ ರದ್ದಾಯ್ತು. ಲಾರಿ ಅಲ್ಲೇ ಬಿಟ್ಟು ರಾತ್ರಿಯೆಲ್ಲ ನಡೆದು ಹಿಂದಕ್ಕೆ ಬಂದ್ವಿ. ಅಷ್ಟನ್ನೂ ಒಂದೇ ಹಡಗಿಗೆ ತುರುಕಿದ ಪುಣ್ಯಾತ್ಮ ಯಾರೋ, ಸಿಕ್ಕಿದ್ರೆ ಕಾಲಿಗೆ ಬೀಳ್ತೀನಿ."

ಸೊಸೆ ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಅಳು ಬಂತು. "ಅತ್ತೆ, ಕಾಲು ಮುಂದೆ ಚಾಚಿ, ನಿಮ್ಮ ಮಗ ಬೀಳ್ತಾರಂತೆ!"

"ಮುಚ್ಚೇ ಬಾಯಿ," ಎಂದಳು ಗುಡುಗಕ್ಕ. ಎಷ್ಟೋ ವಾರದ ಮೇಲೆ ಅವಳು ಸೊಸೆಗೆ ಆಡಿದ ಮಾತು ಅದು.

ಸೈನ್ಯ ಯೋಜನೆಯ ಪ್ರಕಾರವೇ ಹಿಂದೆ ಸರಿದಿದೆ ಎಂದು ಪತ್ರಿಕೆಗಳು ಬರೆದವು. ದೊಡ್ಡವರು ಓಡಿದರೂ ಅದಕ್ಕೊಂದು ಯೋಜನೆ ಇರುತ್ತದೆ. ಗುಡುಗಕ್ಕನಿಗೆ ಅದು ಬೇಕಿರಲಿಲ್ಲ. ಅವಳ ಎದೆ ಹಗುರಾಗಿತ್ತು, ಹಗುರಾಯಿತೆಂದು ಅವಳಿಗೆ ನಾಚಿಕೆಯೂ ಆಗಲಿಲ್ಲ. ಆದರೂ ಮುಳುಗಿದ ಹಡಗಿನ ಅಡುಗೆಯವನ ಮುಖ ಕಣ್ಣೆದುರು ಬಂತು. ಡ್ರಮ್ಮು ತುಂಬಿದ ದಿನ ಇವರಿಗೆಲ್ಲ ಚಹಾ ಇಳಿಸಿಕೊಟ್ಟವನು ಅವನು.

"ಆ ಅಡುಗೆಯವನ ಹೆಂಡತಿ ಎಲ್ಲಿದಾಳೋ ವಿಚಾರಿಸ್ಬೇಕು. ನಾಳೆ ಇಬ್ರೂ ಹೋಗೋಣ," ಎಂದಳು ಸೊಸೆಗೆ. "ಇವತ್ತು ಇವನ ಕಾಲಿಗೆ ನೀರು ಕಾಯಿಸು."