ಅಕ್ಕನ ಕೋಳಿಗೂಡಿಗೆ ಮಾವ ತಂದ ಕಲ್ಲು

ಬಿಸಿಲಿಗೆ ಕಾದ ಕಲ್ಲಿನ ಮೇಲೆ ನೀರು ಬಿದ್ದರೆ ಒಂದು ವಾಸನೆ ಏಳುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆಯಲ್ಲ, ಇದು ಬೇರೆ. ಇದರಲ್ಲಿ ಸುಣ್ಣದಂಥ ಒಣ ಘಾಟು ಇರುತ್ತದೆ. ಮಸ್ಕಿಯಲ್ಲಿ ನಾನು ಚೀಲ ಹೊರುವ ಅಂಗಡಿಯ ಮುಂದೆ ಬೇಸಿಗೆಯ ಸಂಜೆ ಯಾರಾದರೂ ಕಟ್ಟೆಗೆ ನೀರು ಚೆಲ್ಲಿದರೆ ಆ ವಾಸನೆ ಬರುತ್ತದೆ, ನಾನು ಚೀಲ ಇಳಿಸಿ ನಿಂತುಬಿಡುತ್ತೇನೆ. ಮುಕ್ಕುಂದದ ನಮ್ಮ ಹಿತ್ತಲು ಕಣ್ಣಿಗೆ ಬರುತ್ತದೆ, ಅದರಲ್ಲಿದ್ದ ಬೇವಿನ ಮರ ಬರುತ್ತದೆ, ಸೊಂಟದ ಮೇಲೆ ಕೊಡ ಇಟ್ಟುಕೊಂಡು ಹೊಳೆಯಿಂದ ಏರಿ ಬರುವ ಅಕ್ಕ ಬರುತ್ತಾಳೆ. ನಿಮ್ಮನ್ನು ಸಾಕಿದವರನ್ನು ಇನ್ನೊಬ್ಬರು ಕರೆದುಕೊಂಡು ಹೋಗಿದ್ದರೆ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮವ್ವನ ಮುಖ ನನಗೆ ನೆನಪಿಲ್ಲ. ಅವಳು ಸತ್ತ ಮೇಲೆ ನನ್ನನ್ನು ಎತ್ತಿ ಆಡಿಸಿದವಳು, ಉಣಿಸಿದವಳು, ಬೈದವಳು ಎಲ್ಲ ಅಕ್ಕ ಹನುಮವ್ವನೇ. ಅಪ್ಪ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮಣ್ಣಿನ ಮಾಳಿಗೆಯ ಆ ಒಂದೇ ಅಂಕಣದ ಮನೆಯಲ್ಲಿ ಕಂಬಳಿಯ ವಾಸನೆ, ಸುಟ್ಟ ರೊಟ್ಟಿಯ ವಾಸನೆ, ಮತ್ತೆ ನಾವಿಬ್ಬರು. ಜೊತೆಗೆ ಅಕ್ಕನ ಕೋಳಿಗಳು. ಕತ್ತಲಾದರೆ ಅವನ್ನು ಮನೆಯೊಳಗೇ ಬುಟ್ಟಿ ಕವಿಚಿ ಮುಚ್ಚುತ್ತಿದ್ದೆವು. ಮರಿಗಳು ಹೆಚ್ಚಾದವು, ಬುಟ್ಟಿ ಸಾಲದಾಯಿತು, ಅಪ್ಪ ಹಿತ್ತಲಲ್ಲಿ ಗೂಡು ಆಗಬೇಕು ಅಂದ. ನಿಜಾಮರ ರಾಜ್ಯ ಹೋದ ಹೊಸದು, ನಮ್ಮ ಕಡೆ ಇನ್ನೂ ಕಾಲುವೆ ಬಂದಿರಲಿಲ್ಲ. ಬೇಸಿಗೆ ಅಂದರೆ ಎರೆ ನೆಲ ಕಾಲಿಡುವಷ್ಟು ಅಗಲ ಬಿರಿಯುವ ಬೇಸಿಗೆ. ಆಗ ಬಂದವನು ಅಮರಪ್ಪ ಮಾವ. ಅವ್ವನ ತಮ್ಮ, ಲಿಂಗಸುಗೂರಿನ ಕಡೆಯವನು. ಅಕ್ಕನನ್ನು ಅವನಿಗೇ ಕೊಡುವುದೆಂದು ಹಿರಿಯರು ಮಾತಾಡಿದ್ದರು. ಗೂಡು ನಾನು ಕಟ್ಟುತ್ತೇನೆ ಅಂತ ಅವನೇ ಹೇಳಿ ಕಳಿಸಿದ್ದ. ಬಂದಿಳಿದವನಿಗೆ ಅಪ್ಪ ನಗುತ್ತಾ ಅಂದ, "ಕೋಳಿಗೊಂದು ಮನಿ ಕಟ್ಟಾಕ ಬರದಿದ್ರ ನನ್ನ ಮಗಳ್ನ ಎಲ್ಲಿ ಇಡ್ತೀಯೋ ಅಮರಪ್ಪಾ? ಹಂಗಿದ್ರ ನಾ ಕೊಡೂದಿಲ್ಲ ನೋಡು." ಅಪ್ಪ ಚೇಷ್ಟೆಗೆ ಅಂದಿದ್ದ. ನಾನು ನಿಜ ಅಂತ ಹಿಡಿದುಕೊಂಡೆ. ಗೂಡು ಕೆಟ್ಟರೆ ಅಕ್ಕ ನನಗೆ ಉಳಿದಳು.

ಮಾವ ಬಂಡಿ ತುಂಬ ಕಲ್ಲಿನ ಚಪ್ಪಡಿ ಹೇರಿಕೊಂಡು ಬಂದಿದ್ದ. ಅವರ ಕಡೆ ಎಲ್ಲಿ ನೋಡಿದರೂ ಕಲ್ಲು. ನನಗೆ ಪುಟಾಣಿ ಬೆಲ್ಲ ತಂದಿದ್ದ. ತಿಂದೆ, ಆದರೆ ಅವನ ಮುಖ ನೋಡಲಿಲ್ಲ. ಮಾತು ಮುಗಿದ ಹುಡುಗಿ ಮದುವೆಯ ಮುಂಚೆ ಗಂಡಿನ ಕೂಡ ನೇರ ಮಾತಾಡಬಾರದು ಅಂತ ನಮ್ಮಲ್ಲಿತ್ತು. ಅಕ್ಕ ಬಾಗಿಲ ಹಿಂದೆ ನಿಂತು ನನಗೆ ಹೇಳುವಳು, ನಾನು ಹೋಗಿ ಅವನಿಗೆ ಹೇಳಬೇಕು. ಆ ಕೆಲಸ ನನಗೆ ಬಹಳ ಸೇರಿತು. ಅವಳ ಒಂದು ಮಾತು ಅವನಿಗೆ ಮುಟ್ಟಬೇಕಾದರೂ ನನ್ನ ಬಾಯಿಂದಲೇ ಹೋಗಬೇಕಿತ್ತಲ್ಲ! ನಮ್ಮ ನೆಲಕ್ಕೆ ಕಲ್ಲು ಆಗಿಬರುವುದಿಲ್ಲ, ಎರಡು ಕಡೆ ಗಾಳಿ ಆಡಬೇಕು, ಬೇವಿನ ನೆರಳಿಗೆ ಕಟ್ಟು ಅಂತ ಅಕ್ಕ ಹೇಳಿಸಿದಳು. ನಾನು ಓಣಿಗೆಲ್ಲ ಕೇಳುವ ಹಾಗೆ ಒದರಿದೆ. ಮಾವ ಹಾರೆ ಊರಿ ನಿಂತು ಅಂದ, "ನಮ್ಮೂರಾಗ ನಮ್ಮಜ್ಜ ಕಟ್ಟಿದ ಕಲ್ಲಿನ ಗೂಡು ಇನ್ನಾ ಐತಿ. ಮುಂಗುಸಿ ಬಂದ್ರ ಹಲ್ಲು ಮುರಕೊಂಡು ಹೋಕ್ಕೈತಿ. ಹೇಳು ನಿಮ್ಮಕ್ಕಗ, ಅಳಿಯಾ." ನೆರಳಿಗೆ ಕಟ್ಟಿದರೆ ಮರದಿಂದ ಬೆಕ್ಕು ಇಳಿಯುತ್ತದೆ ಅಂತ ಬಯಲಲ್ಲೇ ಕಟ್ಟಿದ. ನಾಲ್ಕೂ ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಪಡುವಣಕ್ಕೆ ಒಂದು ಸಣ್ಣ ಬಾಯಿ. ಕಲ್ಲಿಗೆ ಕಲ್ಲು ಹೇಗೆ ಕೂತಿತ್ತು ಅಂದರೆ ನಡುವೆ ಬೆರಳು ಹೋಗುತ್ತಿರಲಿಲ್ಲ. ನೋಡಲು ಗುಡಿಯ ಹಾಗಿತ್ತು. ನನ್ನ ಹೊಟ್ಟೆ ಉರಿಯಿತು.

ಸಂಜೆ ಕೋಳಿಗಳು ಬಂದು ಆ ಬಾಯಲ್ಲಿ ಕತ್ತು ಹಾಕಿ ನೋಡಿದವು, ಹಿಂದೆ ಸರಿದವು, ಒಂದೊಂದಾಗಿ ಬೇವಿನ ಮರಕ್ಕೆ ಹಾರಿದವು. ಹೊತ್ತು ಮುಳುಗಿದರೂ ಆ ಕಲ್ಲು ಹೆಂಚಿನ ಹಾಗೆ ಕಾದೇ ಇತ್ತು. ಅಪ್ಪ ಮುಟ್ಟಿ ನೋಡಿ, "ರೊಟ್ಟಿ ಸುಡಾಕ ಚಲೋ ಆತು ಬಿಡು" ಅಂದ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಇನ್ನು ಮಾವ ಬಂಡಿ ಹೂಡಿಕೊಂಡು ಊರಿಗೆ ಹೋಗುತ್ತಾನೆ, ಅಕ್ಕ ನನಗೆ ರೊಟ್ಟಿ ಬಡಿಯುತ್ತಾಳೆ ಅಂದುಕೊಂಡೆ. ಆದರೆ ಮರುದಿನ ಸಂಜೆ ಅಕ್ಕ ಕೊಡ ಎತ್ತಿಕೊಂಡು ಹೊಳೆಗೆ ಹೋದಳು. ತಂದ ನೀರನ್ನು ಕಲ್ಲಿನ ಮೇಲೆ ಸುರಿದಳು. ಮತ್ತೆ ಹೋದಳು, ಮತ್ತೆ ಸುರಿದಳು. ಕಲ್ಲು ಚುಂಯ್ ಅಂತ ನೀರು ಕುಡಿದು ಆ ಘಾಟು ಬಿಟ್ಟಿತು. ಆ ಬೇಸಿಗೆಯಲ್ಲಿ ನನ್ನ ಮೈಗೆ ತಂಬಿಗೆ ಲೆಕ್ಕದಲ್ಲಿ ನೀರು ಹಾಕುತ್ತಿದ್ದವಳು ಅವನ ಕಲ್ಲಿಗೆ ಕೊಡಗಟ್ಟಲೆ ಸುರಿದಳು. ಅವನ ಮಾನ ಹೋಗಬಾರದು ಅಂತ. ಕೋಳಿಗಳು ಅದಕ್ಕೂ ಒಳಗೆ ಹೋಗಲಿಲ್ಲ. ಒಳಗೆ ಹಬೆ ತುಂಬಿತ್ತು.

ಮಾವ ಗೂಡಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಮುಖ ಎತ್ತಿರಲಿಲ್ಲ. ಅಕ್ಕ ಕೊಡ ಕೆಳಗಿಟ್ಟು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಏನು ಹೇಳಬೇಕು ಹೇಳು ಅಂತ ನಾನು ಓಡಿ ಹೋಗಿ ಅವಳ ಮುಂದೆ ನಿಂತೆ. ಅವಳು ನನ್ನನ್ನು ದಾಟಿ ಹೋದಳು.

"ಏಳು ಮಾವ. ಉದ್ದನ್ನ ಎರಡೂ ಕಡೀ ಕಲ್ಲು ತೆಗಿ. ಬೇವಿನ ನೆಳ್ಳಿಗೆ ತರೂಣು. ನಾ ಹತ್ತಿಕಟಗಿ ಹೆಣದು ಕೊಡ್ತೀನಿ."

ಮಾವ ನಿಧಾನಕ್ಕೆ ಕತ್ತೆತ್ತಿದ. "ಮುಂಗುಸಿ ಬಂದ್ರ?"

"ಬುಡಕ್ಕ ನಿನ್ನ ಕಲ್ಲು ಇರ್ಲಿ. ಮ್ಯಾಲ ನನ್ನ ಕಟಗಿ ಇರ್ಲಿ."

ಅಷ್ಟೇ. ಅಲ್ಲಿಂದ ಮುಂದೆ ಅವರಿಬ್ಬರ ನಡುವೆ ನಾನು ಬೇಕಾಗಲಿಲ್ಲ. ಅಪ್ಪ ಕಂಡರೂ ಕಾಣದವನ ಹಾಗೆ ಕುರಿಯ ಕಡೆ ಹೋದ. ಅವರು ಮೊಳಕಾಲೆತ್ತರ ಕಲ್ಲು ಹೂಳಿ ಕಟ್ಟಿದರು. ಅದರ ಮೇಲೆ ಹತ್ತಿಕಟ್ಟಿಗೆಯ ಹೆಣಿಗೆ, ಗಾಳಿ ಹೋಗಬೇಕು, ಮುಂಗುಸಿಯ ತಲೆ ಹೋಗಬಾರದು. ಗೂಡಿನ ಉದ್ದ ಮೂಡಣದಿಂದ ಪಡುವಣಕ್ಕೆ, ಬಿಸಿಲು ಬಡಿದರೆ ಗಿಡ್ಡ ಗೋಡೆಗೆ ಬಡಿಯಲಿ ಅಂತ. ಮೇಲೆ ಜೋಳದ ದಂಟು ದಪ್ಪಗೆ ಹೊದಿಸಿ ಅಂಚನ್ನು ಇಳಿಬಿಟ್ಟರು. ಬೆಕ್ಕು ಹತ್ತದ ಹಾಗೆ ಬೇವಿನ ಬುಡಕ್ಕೆ ಮುಳ್ಳು ಸುತ್ತಿದರು. ಒಳಗೆ ಕೂರಲು ಒಂದು ಕೊಂಬೆ, ಮೂಲೆಯಲ್ಲಿ ಹೊರಳಾಡಲು ಬೂದಿ. ಮುಂದೆ ಜಾಲಿಮುಳ್ಳಿನ ಬೇಲಿ ಹಾಕಿ ಕೋಳಿ ಓಡಾಡಲು ಅಂಗಳ, ಮಳೆ ಬಿದ್ದ ಮೇಲೆ ಅದರ ಮೇಲೆ ಹೀರೆಬಳ್ಳಿ ಹಬ್ಬಿಸಿದರೆ ಹದ್ದಿಗೆ ಮರಿ ಕಾಣುವುದಿಲ್ಲ ಅಂತ ಅಕ್ಕ ಅಂದಳು, ಹೌದು ಅಂತ ಮಾವ ಅಂದ. ಅವಳು ಹೆಣೆಯುವಳು, ಅವನು ಬಿಗಿಯುವನು, ಇಬ್ಬರೂ ನಗುವರು. ನನಗೆ ಉಳಿದದ್ದು ಒಂದೇ ಮಾತು, "ಅಳಿಯಾ, ಕಟಗಿ ತಾ." ಕೆಲಸ ಮುಗಿದ ದಿನ ಸಂಜೆ ಕೋಳಿಗಳು ಯಾರೂ ಅಟ್ಟದೆ ಸಾಲುಗಟ್ಟಿ ಒಳಗೆ ಹೋದವು. ನನ್ನ ಕೈಯದು ಬಿಟ್ಟು ಬೇರೆಯವರ ಕೈಯ ಕಾಳು ತಿನ್ನದ ಕರಿಹುಂಜ ಎಲ್ಲಕ್ಕಿಂತ ಮೊದಲು ಹೋಯಿತು.

ಮಳೆ ಬೀಳುವ ಮುಂಚೆ ಮದುವೆಯಾಯಿತು. ಕಲ್ಲು ತಂದ ಬಂಡಿಯಲ್ಲೇ ಅಕ್ಕ ಹೋದಳು. ಕೋಳಿಗಳನ್ನು ನನಗೆ ಬಿಟ್ಟಳು, ಬೂದಿ ಬದಲಿಸುತ್ತಿರು ಅಂತ ಹೇಳಿದಳು. ಹೀರೆಬಳ್ಳಿ ನಾನೊಬ್ಬನೇ ಹಬ್ಬಿಸಿದೆ. ನೋಡುವವರಿಲ್ಲದೆ ಅದು ಬೇಲಿ ತುಂಬ ಹಳದಿ ಹೂ ಬಿಟ್ಟಿತು. ಎರಡನೆಯ ಹೆರಿಗೆಗೆ ಅಕ್ಕ ಉಳಿಯಲಿಲ್ಲ. ಸುದ್ದಿ ಬಂದು ನಾವು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಆಮೇಲೆ ಅಪ್ಪನೂ ಹೋದ, ಕುರಿಗಳು ಮಾರಿಹೋದವು, ನಾನು ಮಸ್ಕಿಗೆ ಬಂದೆ. ಮೆತ್ತುವವರಿಲ್ಲದೆ ಮಾಳಿಗೆ ಕುಸಿಯಿತು. ಗೂಡಿನ ದಂಟನ್ನು ಯಾರದೋ ಎತ್ತು ಮೇಯ್ದಿತು, ಚಪ್ಪಡಿಗಳನ್ನು ಓಣಿಯವರು ಬಟ್ಟೆ ಒಗೆಯಲು ಒಯ್ದರು.

ಸಂತೆಯ ದಿನ ಮಾವ ಮಸ್ಕಿಗೆ ಬರುತ್ತಿದ್ದ. ಅಂಗಡಿಯ ಕಟ್ಟೆಯ ಮೇಲೆ ಇಬ್ಬರೂ ಚಹಾ ಕುಡಿಯುತ್ತಾ ಕೂರುತ್ತಿದ್ದೆವು. ಒಂದು ಸಂತೆಗೆ ಬಂದಾಗ ಅಂದ, "ದಿನಾ ಒಂದು ರೊಟ್ಟಿ ಹೆಚ್ಚಿಗಿ ಬಡೀತಿದ್ಲು. ಯಾರಿಗಬೇ ಇದು ಅಂದ್ರ, ನನ್ನ ತಮ್ಮ ಬಂದ್ರ ಇರ್ಲಿ ಅಂತಿದ್ಲು." ಅವನ ಹತ್ತಿರ ಇಂಥವು ಬಹಳ ಇದ್ದವು. ನಾನು ಅವಳ ಕೂಡ ಹೆಚ್ಚು ವರ್ಷ ಇದ್ದವನು, ಆದರೆ ಸಣ್ಣವನಿದ್ದೆ, ಅರ್ಧ ಮರೆತಿದ್ದೆ. ಅವನು ಏನೂ ಮರೆತಿರಲಿಲ್ಲ. ಜ್ವರ ಬಂದಾಗ ಅವಳು ಏನು ಬೇಡುತ್ತಿದ್ದಳು, ಸಿಟ್ಟಾದರೆ ಎಲ್ಲಿ ಹೋಗಿ ಕೂರುತ್ತಿದ್ದಳು, ಎಲ್ಲ ಅವನಿಗೆ ಗೊತ್ತಿತ್ತು. ಆ ಅಕ್ಕನನ್ನು ನಾನು ನೋಡಿಯೇ ಇರಲಿಲ್ಲ. ನನ್ನನ್ನು ಸಮಾಧಾನ ಮಾಡಲು ಒಂದೆರಡು ಕಟ್ಟಿ ಹೇಳುತ್ತಿದ್ದನೋ ಏನೋ, ಕೇಳಲಿಲ್ಲ. ಲಿಂಗಸುಗೂರಿನ ಬಸ್ಸು ಹಾರ್ನ್ ಹೊಡೆಯಿತು. ಅವನು ಎದ್ದು ಧೋತರ ಕೊಡವಿದ. ನಾನು ಅವನ ಕೈ ಹಿಡಿದೆ. "ಇನ್ನೊಂದು ಹೇಳಿ ಹೋಗು ಮಾವ. ಹಿಂದ ಮತ್ತೊಂದು ಬಸ್ಸೈತಿ" ಅಂದೆ.

ಆ ಹೊತ್ತಿನ ಮೇಲೆ ಬಸ್ಸಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಮಾವ ಕೂತ.