ಕುಂಕುಮವಿಟ್ಟ ಗುಂಡು

ಹರದನಹಳ್ಳಿಯಲ್ಲಿ ಯಾರದು ನಿಜ, ಯಾರದು ಸುಳ್ಳು ಅಂತ ಬಗೆಹರಿಯದೆ ಹೋದರೆ "ಪುಟ್ಟಲಕ್ಷ್ಮಮ್ಮನ್ನ ಕೇಳ್ರಪ್ಪ" ಅನ್ನುವ ಕಾಲವೊಂದಿತ್ತು. ಪಕ್ಕದ ಮನೆಯ ಕೋಳಿ ತನ್ನ ಹಿತ್ತಿಲಲ್ಲಿ ಮೊಟ್ಟೆಯಿಟ್ಟರೆ ಅದನ್ನು ಸೆರಗಿನಲ್ಲಿಟ್ಟುಕೊಂಡು ಹೋಗಿ ಕೊಟ್ಟು ಬರುವ ಹೆಂಗಸು ಆಕೆ. ಬರೀ ಮೊಟ್ಟೆ ಕೊಡುತ್ತಿರಲಿಲ್ಲ, ಕೋಳಿ ಕೂಡಿಹಾಕಲಾರದವರಿಗೆ ನಾಲ್ಕು ಬೈಗುಳವನ್ನೂ ಸೇರಿಸಿ ಕೊಡುತ್ತಿದ್ದಳು. ಬಾಯಿ ಜೋರು, ಕೈ ಶುದ್ಧ. ಊರಿನವರು ಬೈಸಿಕೊಂಡೂ ಮರ್ಯಾದೆ ಕೊಡುತ್ತಿದ್ದರು. ಆ ಮರ್ಯಾದೆಯೇ ಅವಳ ಕುತ್ತಿಗೆಗೆ ಬಂತು ನೋಡಿ.

ಗಂಡ ರುದ್ರೇಶ ಹೇಮಾವತಿ ಕಾಲುವೆಯ ಕಂಟ್ರಾಕ್ಟರು. ಶನಿವಾರ ಬಂತೆಂದರೆ ಕೂಲಿಯವರ ಬಟವಾಡೆ ಹೊತ್ತು ಬುಲೆಟ್ಟಿನಲ್ಲಿ ಗೊರೂರು ಕಡೆ ಹೋಗಬೇಕಿತ್ತು. ಒಮ್ಮೆ ಯಾರೋ ದಾರಿಗೆ ಅಡ್ಡ ಹಗ್ಗ ಕಟ್ಟಿದ್ದರಂತೆ. ಅದನ್ನೇ ಹಿಡಿದುಕೊಂಡು ಅರ್ಜಿ ಹಾಕಿ, ಲೈಸೆನ್ಸು ಮಾಡಿಸಿ, ಒಂದು ರಿವಾಲ್ವರ್ ತಂದ. ಅದು ಸೊಂಟಕ್ಕೆ ಬಂದ ಮೇಲೆ ಮನುಷ್ಯ ನಡೆಯುವ ರೀತಿಯೇ ಬದಲಾಯಿತು. ಮದುವೆ ಮನೆಯ ಬಾಗಿಲಲ್ಲಿ ಬೇಕೆಂದೇ ಬಗ್ಗಿ ಚಪ್ಪಲಿ ಬಿಡುತ್ತಿದ್ದ, ಅಂಗಿ ಮೇಲೆ ಸರಿದು ನಾಲ್ಕು ಜನಕ್ಕೆ ಕಾಣಲಿ ಅಂತ.

ಪುಟ್ಟಲಕ್ಷ್ಮಮ್ಮನಿಗೆ ಮಾತ್ರ ಅದೂ ಒಂದು ಕುಡುಗೋಲು, ಅಷ್ಟೇ. ಆಯುಧಪೂಜೆಯ ಹಿಂದಿನ ದಿನ ಈಳಿಗೆಮಣೆ, ಗುದ್ದಲಿ, ಮಚ್ಚಿನ ಜೊತೆ ಅದನ್ನೂ ಹರಳೆಣ್ಣೆಯಲ್ಲಿ ಒರೆಸುತ್ತಿದ್ದಳು. ರುದ್ರೇಶ ಅದರ ನಡು ಮಡಚಿ ತೆರೆದಿಟ್ಟರೆ ಹಿಂಬದಿಯಲ್ಲಿ ಆರು ಹಿತ್ತಾಳೆಯ ಬಿಲ್ಲೆಗಳು ಕಾಣುತ್ತಿದ್ದವು, ಗುಂಡುಗಳ ತಳ. ತುಕ್ಕು ಹಿಡಿಯದಿರಲಿ ಅಂತ ಅವುಗಳ ಮೇಲೂ ಧಾರಾಳವಾಗಿ ಎಣ್ಣೆ ಬಿಟ್ಟು, ಮಾರನೆಯ ದಿನ ಆರಕ್ಕೂ ಒಂದೊಂದು ಕುಂಕುಮದ ಬೊಟ್ಟಿಡುತ್ತಿದ್ದಳು.

"ಲೇ, ಅದೇನ್ ಗಾಡಿ ಗಾಲೀನಾ, ಅಷ್ಟೊಂದ್ ಎಣ್ಣೆ ಸುರೀತೀಯ?" ಅಂತ ರುದ್ರೇಶ ರೇಗಿದರೆ, "ನಿಮ್ಗೇನ್ ಗೊತ್ತು, ಸುಮ್ಕಿರಿ" ಅಂದು ಇನ್ನೆರಡು ತೊಟ್ಟು ಬಿಡುವವಳು.

ಎದುರು ಮನೆ ಮೈದುನ ಲಕ್ಕಣ್ಣನದು. ಅವನಿಗೆ ತನ್ನ ಸ್ವಂತ ತಂಗಿ ನೇತ್ರಾವತಿಯನ್ನೇ ತಂದುಕೊಂಡಿದ್ದಳು, ತಾನೇ ಓಡಾಡಿ ಮಾಡಿಸಿದ ಮದುವೆ. ಅಕ್ಕತಂಗಿಯರ ನಡುವೆ ಇದ್ದದ್ದು ಒಂದು ಬೀದಿ. ಆ ಬೀದಿಯಲ್ಲಿ ದಿನಕ್ಕೆ ಹತ್ತು ಸಲ ಸಾರಿನ ಬಟ್ಟಲು ಓಡಾಡುತ್ತಿತ್ತು.

ಹದಿನೈದು ವರ್ಷದ ಹಿಂದೆ, ಆಯುಧಪೂಜೆಯಾಗಿ ಮೂರನೆಯ ದಿನ, ತೂಬಿನ ನೀರು ಯಾರ ಸರದಿ ಅಂತ ಅಣ್ಣತಮ್ಮಂದಿರಿಗೆ ಹತ್ತಿಕೊಂಡಿತು. ಮಾತು ಮಿತಿಮೀರಿ ರುದ್ರೇಶ ಗದ್ದೆಯ ಬದುವಿನ ಮೇಲೆ ರಿವಾಲ್ವರ್ ತೆಗೆದ. ಗಂಡನಿಗೆ ಬುತ್ತಿ ತಂದಿದ್ದ ನೇತ್ರಾವತಿ ಕಣ್ಣಾರೆ ನೋಡಿದಳು. ರುದ್ರೇಶ ಟ್ರಿಗರ್ ಒತ್ತಿದ, ಟಕ್ ಅಂತು, ಗುಂಡು ಸಿಡಿಯಲಿಲ್ಲ ಅಂತ ಗಂಡಹೆಂಡಿರಿಬ್ಬರೂ ಊರೆಲ್ಲ ಹೇಳಿದರು. "ಎದ್ರುಸ್ದೆ ಅಷ್ಟೇಯ, ಒತ್ತಿಲ್ಲ" ಅಂದ ರುದ್ರೇಶ. ಅರಳಿಕಟ್ಟೆಯ ಮೇಲೆ ಪಂಚಾಯ್ತಿ ಸೇರಿತು. ನೋಡಿದ ಹೊರಗಿನವರು ಒಬ್ಬರೂ ಇಲ್ಲ. ಕೊನೆಗೆ ಯಾರೋ, "ಪುಟ್ಟಲಕ್ಷ್ಮಮ್ಮನ್ನ ಕೇಳ್ರಪ್ಪ" ಅಂದರು.

ಅಯ್ಯೋ, ಅವಳು ಆವತ್ತು ಗದ್ದೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ! ನಂಗೊತ್ತಿಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗಂಡ ಅವಳ ತಲೆ ಮುಟ್ಟಿ ಆಣೆ ಮಾಡಿದ್ದ. ಒತ್ತಿಲ್ಲ ಅನ್ನುವುದು ಅವಳಿಗೆ ಸೂರ್ಯನಷ್ಟು ನಿಜವಾಗಿತ್ತು. ನಿಜವೇ ತಾನೆ, ಅದಕ್ಕೆ ಸ್ವಲ್ಪ ಆಸರೆ ಕೊಟ್ಟರೆ ಏನು ತಪ್ಪು ಅಂದುಕೊಂಡಳು. ಎದ್ದು ನಿಂತು, "ಪಂಪ್‌ಸೆಟ್ಟಿನ ತಾವ್ಲಿಂದ ನಾನೇ ಕಂಡಿವ್ನಿ. ನಮ್ಮೆಜಮಾನ್ರು ಒತ್ತಿಲ್ಲ. ನನ್ ತಂಗಿ ಸುಳ್ಳೇಳ್ತವ್ಳೆ" ಅಂದುಬಿಟ್ಟಳು.

ನೇತ್ರಾವತಿ ಅಕ್ಕನ ಮುಖವನ್ನೇ ನೋಡುತ್ತಾ ನಿಂತಳು. ಪಂಚಾಯ್ತಿಯವರು ಲಕ್ಕಣ್ಣನನ್ನು ಅಣ್ಣನ ಕಾಲಿಗೆ ಅಡ್ಡ ಬೀಳಿಸಿದರು. ಅವತ್ತಿನಿಂದ ಅವನಿಗೆ ಊರಿನಲ್ಲಿ ಟಕ್ ಲಕ್ಕಣ್ಣ ಅಂತಲೇ ಹೆಸರು. ಹೋಟೆಲಿನಲ್ಲಿ ಅವನು ಬೆಂಚಿನ ಮೇಲೆ ಕೂತರೆ ಸಾಕು, ಯಾರಾದರೊಬ್ಬರು ನಾಲಿಗೆಯಲ್ಲಿ ಟಕ್ ಅನ್ನಿಸುತ್ತಿದ್ದರು. ಮೊದಮೊದಲು ಜಗಳಕ್ಕೆ ಹೋಗುತ್ತಿದ್ದ. ಆಮೇಲೆ ಹೋಟೆಲಿಗೆ ಹೋಗುವುದನ್ನೇ ಬಿಟ್ಟ.

ಮೂರು ವರ್ಷದ ಹಿಂದೆ ಅವನು ತೀರಿಕೊಂಡಾಗ ರುದ್ರೇಶನ ಮನೆಯಲ್ಲೂ ಹನ್ನೊಂದು ದಿನ ಸೂತಕ ಆಚರಿಸಿದರು, ಆದರೆ ಯಾರೂ ಬೀದಿ ದಾಟಲಿಲ್ಲ. ಪುಟ್ಟಲಕ್ಷ್ಮಮ್ಮ ಕಿಟಕಿಯ ಸರಳು ಹಿಡಿದು ಚಟ್ಟ ಕಟ್ಟುವುದನ್ನು ನೋಡಿದಳು. ಈ ವರ್ಷ ಶಿವರಾತ್ರಿ ಕಳೆದ ಮೇಲೆ ರುದ್ರೇಶ ಹೋದ. ಆಗ ನೇತ್ರಾವತಿ ಬಂದಳು. ಹೆಣದ ಬಾಯಿಗೆ ಅಕ್ಕಿ ಹಾಕಿ, ಅಕ್ಕನ ಕಡೆ ತಿರುಗಿಯೂ ನೋಡದೆ ಹೋದಳು.

ಲೈಸೆನ್ಸುದಾರ ಸತ್ತರೆ ಆಯುಧ ಮನೆಯಲ್ಲಿ ಇರುವಂತಿಲ್ಲ. ಠಾಣೆಯವರು ರಿವಾಲ್ವರನ್ನೂ ಗುಂಡಿನ ಡಬ್ಬಿಯನ್ನೂ ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಹಾಕಿ ಇಟ್ಟುಕೊಂಡರು. ಮಗಳು ಭವ್ಯಶ್ರೀ ಅರಕಲಗೂಡಿನಲ್ಲಿ ಟೀಚರು. ಅವಳೇ ಅಲೆದಾಡಿ ಮಾರುವುದಕ್ಕೆ ಅನುಮತಿ ತಂದಳು, ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯೊಬ್ಬರನ್ನು ಹುಡುಕಿದಳು. ಕೈಯಿಂದ ಕೈಗೆ ಕೊಡುವಂತಿಲ್ಲ, ಲೈಸೆನ್ಸಿರುವ ಅಂಗಡಿಯ ಮೂಲಕವೇ ಆಗಬೇಕು. ಹಾಗಾಗಿ ಶ್ರಾವಣದ ಒಂದು ಬೆಳಿಗ್ಗೆ ತಾಯಿ ಮಗಳು ಹಾಸನದಲ್ಲಿ ಗಿರಿಧರನ ಬಂದೂಕಿನ ಅಂಗಡಿಯಲ್ಲಿ ಕೂತಿದ್ದರು.

ಗಿರಿಧರ ರುದ್ರಪಟ್ಟಣದ ಸಂಗೀತಗಾರರ ಮನೆತನದವನು. ಕೆಲಸ ಮಾಡುತ್ತಾ ಸಣ್ಣಗೆ ಏನಾದರೂ ರಾಗ ಗುನುಗುತ್ತಿರುವ ಅಭ್ಯಾಸ. ಠಾಣೆಯಿಂದ ಬಿಡಿಸಿ ತಂದ ಗಂಟಿನ ಮುದ್ರೆ ಒಡೆದು, ರಿವಾಲ್ವರಿನ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, "ಹೊಸದರ ಹಾಗೇ ಇದೆಯಮ್ಮ, ಒಂದು ಗುಂಡೂ ಹಾರಿಸಿಲ್ಲ" ಅಂದ. ಪುಟ್ಟಲಕ್ಷ್ಮಮ್ಮನಿಗೆ ಗಂಡನ ಬಗ್ಗೆ ಹೆಮ್ಮೆಯೇ ಆಯಿತು. ಆಮೇಲೆ ಅವನು ಡಬ್ಬಿ ತೆರೆದು ಗುಂಡುಗಳನ್ನು ಒಂದೊಂದಾಗಿ ತಿರುಗಿಸಿ ನೋಡತೊಡಗಿದ. ಆರನೆಯದಕ್ಕೆ ಬಂದಾಗ ರಾಗ ನಿಂತಿತು.

"ಇದನ್ನ ಒತ್ತಿದಾರಲ್ಲಮ್ಮ."

"ಏನಂದ್ರಿ ಸಾ?"

"ತಳದಲ್ಲಿ ಪೆಟ್ಟು ಬಿದ್ದಿದೆ ನೋಡಿ. ಟ್ರಿಗರ್ ಎಳೆದಿದಾರೆ, ಸಿಡಿದಿಲ್ಲ. ಎಣ್ಣೆ ಒಳಗಿಳಿದು ಮದ್ದು ಕೆಟ್ಟಿರಬೇಕು. ಯಾರೋ ಪುಣ್ಯವಂತರು ಎದುರಿಗಿದ್ದರು." ಅವನು ಕನ್ನಡಕ ಮೇಲೆ ಸರಿಸಿದ. "ಇದೇನಿದು ಕೆಂಪಗೆ?"

ಅವಳು ಅಂಗೈ ಚಾಚಿದಳು. ಆರು ಗುಂಡಿನ ತಳದಲ್ಲೂ ಒಣಗಿದ ಕುಂಕುಮವಿತ್ತು, ಅವಳೇ ಇಟ್ಟದ್ದು. ಐದರಲ್ಲಿ ಬೊಟ್ಟು ಬೊಟ್ಟಾಗಿಯೇ ಇತ್ತು. ಆರನೆಯದರಲ್ಲಿ ನಟ್ಟನಡುವೆ ಒಂದು ಸಣ್ಣ ಕುಳಿ ಬಿದ್ದು, ಕುಂಕುಮ ಆ ಕುಳಿಯ ಒಳಗೆ ಹೂತಿತ್ತು. ಜಗಳಕ್ಕೆ ಮುಂಚಿನ ಆ ಆಯುಧಪೂಜೆಯೇ ಕೊನೆ. ಆಮೇಲೆ ರುದ್ರೇಶ ರಿವಾಲ್ವರನ್ನು ಪೂಜೆಗೆ ಇಡಲಿಲ್ಲ, ಅವಳನ್ನು ಮುಟ್ಟಗೊಡಲೂ ಇಲ್ಲ. ಜಗಳದ ನಾಚಿಕೆಗೆ ಹಾಗೆ ಮಾಡುತ್ತಾನೆ ಅಂತ ತಿಳಿದು ಹದಿನೈದು ವರ್ಷ ಅವಳೂ ಕೇಳಲಿಲ್ಲ.

ತಾನು ಸುರಿದ ಎಣ್ಣೆಯೇ ಲಕ್ಕಣ್ಣನ ಜೀವ ಉಳಿಸಿದ್ದು. ಹಾಗೆ ಉಳಿದವನನ್ನು ತಾನೇ ಊರಿಗೆಲ್ಲ ಸುಳ್ಳುಗಾರ ಮಾಡಿದ್ದು.

"ಸಾ, ಇದೊಂದ್ ನಂಗ್ ಕೊಟ್ಬುಡಿ. ಒಂದ್ ದಿನ. ನನ್ ತಂಗಿಗ್ ತೋರ್ಸಿ ತಂದ್ಕೊಡ್ತೀನಿ."

"ಆಗಲ್ಲಮ್ಮ. ಲೈಸೆನ್ಸಿಲ್ಲದೆ ಒಂದು ಗುಂಡು ನಿಮ್ಮ ಹತ್ತಿರ ಇದ್ದರೂ ಕೇಸು. ನನಗೂ ಕೇಸು."

"ದೇವ್ರಾಣೆ ತಂದ್ಕೊಡ್ತೀನಿ."

ಗಿರಿಧರ ತಲೆಯಾಡಿಸಿ ಗುಂಡನ್ನು ಡಬ್ಬಿಗೆ ಹಾಕಿದ. ಅವನ ತಪ್ಪೇನಿದೆ ಅದರಲ್ಲಿ. ಪುಟ್ಟಲಕ್ಷ್ಮಮ್ಮ ಅವನು ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಹೊರಗೆ ಬಂದಳು.

ಬಸ್ಸಿನಲ್ಲಿ ಭವ್ಯಶ್ರೀ ತಾಯಿಯ ಕೈ ಹಿಡಿದು, "ಅಪ್ಪ ತೀರ್ಕಂಡ್ರು, ಚಿಕ್ಕಪ್ಪನೂ ತೀರ್ಕಂಡ್ರು. ಇನ್ಯಾಕಮ್ಮ ಕೆದ್ಕೋದು? ಸತ್ತೋರ ಎಸ್ರು ಕೆಡುಸ್ತೀಯಾ?" ಅಂದಳು.

"ಒಬ್ರ ಎಸ್ರು ಆಗ್ಲೇ ಕೆಡ್ಸಿವ್ನಲ್ಲವ್ವ" ಅಂದಳು ಅವಳು.

ಬಸ್ಸಿಳಿದವಳು ತನ್ನ ಮನೆಯ ಬೀಗ ತೆಗೆಯಲಿಲ್ಲ. ನೇರ ಬೀದಿ ದಾಟಿದಳು. ಅದೆಷ್ಟು ಅಗಲದ ಬೀದಿ ಅನ್ನುತ್ತೀರಿ, ಇಪ್ಪತ್ತು ಹೆಜ್ಜೆ. ನೇತ್ರಾವತಿ ಜಗಲಿಯಲ್ಲಿ ಮೊರದ ತುಂಬ ಹುರುಳಿ ಆರಿಸುತ್ತಾ ಕೂತಿದ್ದಳು. ತಲೆಯೆತ್ತಿದಳು, ಏಳಲಿಲ್ಲ.

"ನೇತ್ರಾ, ಅವ್ರು ಒತ್ತಿದ್ರು ಕಣೆ. ಗುಂಡ್ ನೋಡ್ದೆ. ಪೆಟ್ಟು ಬಿದ್ದದೆ, ನನ್ ಕುಂಕ್ಮದ ಮ್ಯಾಲೇ ಬಿದ್ದದೆ." ಬರಿಗೈ ಚಾಚಿ ತೋರಿಸಿದಳು. "ತಂದು ತೋರ್ಸಣ ಅಂದ್ರೆ ಕೊಡ್ನಿಲ್ಲ."

"ನಂಗ್ಯಾಕ್ ತೋರುಸ್ಬೇಕು? ನಾನ್ ಅಲ್ಲೇ ಇದ್ನಲ್ಲ" ಅಂದಳು ನೇತ್ರಾವತಿ. ಕೈ ಹುರುಳಿಯಲ್ಲಿ ಆಡುತ್ತಲೇ ಇತ್ತು. "ಇಲ್ದಿದ್ದೋಳು ನೀನು."

"ತಪ್ಪಾಯ್ತು ಕಣೆ. ಒಟ್ಟೆ ಉರೀತದೆ ನಂಗೆ."

"ಸಾಯೋ ಮುಂಚಿನ್ ದಿನವೂ ಕೇಳುದ್ರು ಅವ್ರು, ಅತ್ಗೆ ಯಾಕಂಗಂದ್ಲು ಅಂತ. ನಾನೇನ್ ಏಳ್ಲಿ?" ಅವಳು ಮೊರವನ್ನು ಪಕ್ಕಕ್ಕಿಟ್ಟಳು. "ನಂಗೇಳ್ಬ್ಯಾಡ ಅಕ್ಕ. ಎಲ್ಲಿ ಏಳಿದ್ದೋ ಅಲ್ ಓಗ್ ಏಳು."

ಸಂಜೆಯ ಹೊತ್ತು, ಅರಳಿಕಟ್ಟೆಯ ಮೇಲೆ ಏಳೆಂಟು ಜನ ಇದ್ದರು. ಪುಟ್ಟಲಕ್ಷ್ಮಮ್ಮ ಕಟ್ಟೆಯ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಮೊಬೈಲು ನೋಡುತ್ತಿದ್ದವರು ನೋಡುವುದನ್ನು ನಿಲ್ಲಿಸಿದರು. ಒಬ್ಬ, "ಗುಂಡ್ ಎಲ್ಲದೆ, ತೋರ್ಸಮ್ಮ ಮತ್ತೆ" ಅಂದ. ಇನ್ನೊಬ್ಬ, "ಗಂಡ ಸತ್ತ ದುಃಖ, ತಲೆ ಕೆಟ್ಟದೆ, ಮನಿಗ್ ಓಗವ್ವ" ಅಂದ. ಆವತ್ತು ಪಂಚಾಯ್ತಿಯಲ್ಲಿ ಕೂತಿದ್ದವರಲ್ಲಿ ಉಳಿದಿದ್ದ ಒಬ್ಬ ಮುದುಕ ಮಾತ್ರ ಕೋಲೂರಿ ಮುಂದೆ ಬಗ್ಗಿದ.

"ಅಂಗಾರೆ ಲಕ್ಕಣ್ಣ ಸುಳ್ಳೇಳಿರ್ನಿಲ್ವಾ?"

"ಇಲ್ಲ ಕಣಣ್ಣ. ಸುಳ್ಳೇಳಿದ್ದು ನಾನು."

ಅವಳು ತಿರುಗಿದಾಗ ಬೀದಿಯ ತಿರುವಿನಲ್ಲಿ ನೇತ್ರಾವತಿ ನಿಂತಿದ್ದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಅಕ್ಕನಿಗೆ ಕಾಯದೆ, ಒಬ್ಬಳೇ ತನ್ನ ಮನೆಗೆ ಹೋದಳು.